ಟೆಸ್ಟ್ ಪಾಸಾದ ಮೇಲೆ ರಿವ್ಯೂ ಏಕೆ? ಎಬಿಎಸ್ ಇದ್ದ ಮೇಲೆ ಬ್ರೇಕ್ ಕಲಿಯುವುದು ಏಕೆ?

ಸಿಲ್ಕ್‌ಬೋರ್ಡ್ ಸವಾರ (ಚರ್ಚೆ ಆರಂಭಿಸಿದವರು)

"ಟೆಸ್ಟ್‌ಗಳೆಲ್ಲ ಪಾಸಾಗಿವೆ, ಲಿಂಟರ್ ತಕರಾರು ಮಾಡಿಲ್ಲ, ಎಐ ಬಾಟ್ ಕೂಡ ಒಮ್ಮೆ ನೋಡಿದೆ, ಇನ್ನು ಅಪ್ರೂವ್ ಕೊಟ್ಟುಬಿಡಿ" ಎನ್ನುವ ಮಾತು ಈಗ ಪ್ರತಿ ಸಾಫ್ಟ್‌ವೇರ್ ತಂಡದಲ್ಲೂ ಕೇಳಿಬರುತ್ತಿದೆ. (ಲಿಂಟರ್ ಎಂದರೆ ಕೋಡ್ ಬರವಣಿಗೆಯ ತಪ್ಪುಗಳನ್ನು ತಾನೇ ಹುಡುಕುವ ತಂತ್ರಾಂಶ; ರಿವ್ಯೂ ಎಂದರೆ ಒಬ್ಬರು ಬರೆದ ಕೋಡನ್ನು ಸೇರಿಸುವ ಮೊದಲು ಇನ್ನೊಬ್ಬರು ಓದಿ ಒಪ್ಪಿಗೆ ಕೊಡುವುದು.) ಹೀಗೆ ಹೇಳುವವರಲ್ಲಿ ಕೆಲವರು ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೊರಡುವಾಗ "ಡ್ಯುಯಲ್ ಚಾನೆಲ್ ಎಬಿಎಸ್ ಇದೆಯಲ್ಲ, ಹೆದರಿಕೆ ಏಕೆ?" ಎನ್ನುವುದನ್ನೂ ಕೇಳಿದ್ದೇನೆ (ಬ್ರೇಕ್ ಹಿಡಿದಾಗ ಎರಡೂ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಅದು). ಕೋಡ್ ಬರೆದು ಜೀವನ ಮಾಡುವವನಾಗಿ ಮತ್ತು ಬೈಕ್ ಓಡಿಸುವವನಾಗಿ ಈ ಎರಡೂ ಮಾತುಗಳನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಭಿನ್ನಾಭಿಪ್ರಾಯ ಇರುವವರು ದಯವಿಟ್ಟು ಬರೆಯಿರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ ವಿರೋಧಿಯಲ್ಲ. ಎಲ್ಲಿ ಸ್ಪೇಸ್ ಬಿಡಬೇಕು, ಆವರಣ ಚಿಹ್ನೆ ಯಾವ ಸಾಲಿನಲ್ಲಿ ಬರಬೇಕು ಎಂಬುದರ ಬಗ್ಗೆ ಮನುಷ್ಯರು ರಿವ್ಯೂನಲ್ಲಿ ಒಂದಕ್ಷರವನ್ನೂ ಬರೆಯಬಾರದು, ಅದು ಫಾರ್ಮ್ಯಾಟರ್‌ನ ಕೆಲಸ. ಇಷ್ಟೇ ಅಲ್ಲ, ಕೆಲವು ಗಂಭೀರ ದೋಷಗಳನ್ನೂ ಕಣ್ಣಿಗಿಂತ ಯಂತ್ರವೇ ಚೆನ್ನಾಗಿ ಹಿಡಿಯುತ್ತದೆ. ಫೆಬ್ರವರಿ 2014ರಲ್ಲಿ ಆಪಲ್ ತುರ್ತಾಗಿ ಸರಿಪಡಿಸಿದ ‘ಗೋಟು ಫೇಲ್’ ದೋಷವನ್ನೇ ನೋಡಿ. ಒಂದು ‘ಇಫ್’ ಷರತ್ತಿನ ಕೆಳಗೆ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಿದ್ದಿತ್ತು. ಆವರಣ ಚಿಹ್ನೆ ಇಲ್ಲದ ಕಾರಣ ಮೊದಲನೆಯದಷ್ಟೇ ಷರತ್ತಿಗೆ ಒಳಪಟ್ಟಿತ್ತು, ಎರಡನೆಯದು ಪ್ರತಿ ಸಲವೂ ನಡೆದು, ಸರ್ವರ್‌ನ ಸಹಿಯನ್ನು ಪರಿಶೀಲಿಸುವ ಹಂತವನ್ನೇ ದಾಟಿಸಿಬಿಡುತ್ತಿತ್ತು. ಎರಡೂ ಸಾಲುಗಳ ಎಡ ಅಂಚು ಒಂದೇ ಆಗಿದ್ದರಿಂದ ಓದುವ ಕಣ್ಣಿಗೆ ಅದು ಸಹಜವಾಗಿಯೇ ಕಾಣುತ್ತದೆ. ಅದರ ಕೆಳಗಿನ ಕೋಡ್ ಎಂದೂ ನಡೆಯುವುದಿಲ್ಲ ಎಂಬ ಎಚ್ಚರಿಕೆಯನ್ನು ಕೊಡುವ ಆಯ್ಕೆ ಕಂಪೈಲರ್‌ನಲ್ಲಿ ಆಗಲೇ ಇತ್ತು.

ಈಗ ಅದೇ ವರ್ಷದ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವನ್ನು ನೋಡಿ. ಅಂತರ್ಜಾಲ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಸಂಪರ್ಕ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಕಡೆಯವರು ಪುಟ್ಟ ಸಂದೇಶ ಕಳುಹಿಸಿ, ಅದರ ಉದ್ದವನ್ನೂ ತಾವೇ ಹೇಳಿ, ಅಷ್ಟನ್ನು ಹಾಗೆಯೇ ವಾಪಸ್ ಕಳುಹಿಸಿ ಎಂದು ಕೇಳುವ ವ್ಯವಸ್ಥೆಯಿತ್ತು. ಒಂದು ಬೈಟ್ ಕಳುಹಿಸಿ "ಇದು 64 ಕಿಲೋಬೈಟ್" ಎಂದು ಸುಳ್ಳು ಹೇಳಿದರೆ, ಸರ್ವರ್ ಅದನ್ನು ನಂಬಿ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ, ಪಾಸ್‌ವರ್ಡ್ ಇರಲಿ, ಖಾಸಗಿ ಕೀ ಇರಲಿ, ಬಾಚಿ ಕೊಡುತ್ತಿತ್ತು. ಆ ಬದಲಾವಣೆಯನ್ನು ಒಬ್ಬರು ಪರಿಶೀಲಿಸಿದ ಮೇಲೆಯೇ ಸೇರಿಸಲಾಗಿತ್ತು, ಮತ್ತು ಅದು ಮಾರ್ಚ್ 2012ರ 1.0.1 ಆವೃತ್ತಿಯಿಂದ ಎರಡು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು. ಅಲ್ಲಿ ಬೇಕಾಗಿದ್ದದ್ದು "ಈ ಉದ್ದವನ್ನು ಹೇಳಿದವರು ಯಾರು, ನಾವು ಏಕೆ ನಂಬಬೇಕು?" ಎಂಬ ಪ್ರಶ್ನೆ. ಅಂದಿನ ಹೆಸರಾಂತ ಕೋಡ್ ವಿಶ್ಲೇಷಕ ತಂತ್ರಾಂಶಗಳಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ರಿವ್ಯೂ ಎಂದರೆ ನನ್ನ ಪ್ರಕಾರ ಈ ಎರಡನೆಯ ಬಗೆಯ ಪ್ರಶ್ನೆ ಕೇಳುವ ಜಾಗ. ಆದರೆ ನಡೆಯುವುದೇನು? ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ, ಹಣ ಪಾವತಿಯ ಕೋರಿಕೆ ವಿಫಲವಾದರೆ ಮತ್ತೆ ಕಳುಹಿಸುವ ಪುಲ್ ರಿಕ್ವೆಸ್ಟ್ (ಕೋಡ್‌ಗೆ ಸೇರಿಸಿ ಎಂದು ಕೋರುವ ಬದಲಾವಣೆ) ಒಂದು ಬಂದಿತ್ತು. ವೇರಿಯಬಲ್‌ನ ಹೆಸರಿನ ಮೇಲೆ, ಲಾಗ್ ಸಂದೇಶದ ಇಂಗ್ಲಿಷ್ ವ್ಯಾಕರಣದ ಮೇಲೆ ಸಾಲುಸಾಲು ಕಾಮೆಂಟ್ ಬಿದ್ದವು. ಉತ್ತರ ಬರುವುದು ತಡವಾಯಿತು ಎಂದರೆ ಹಣ ಕಡಿತವಾಗಿಲ್ಲ ಎಂದರ್ಥವಲ್ಲ, ಆದ್ದರಿಂದ ಎರಡನೇ ಕೋರಿಕೆಯ ಜೊತೆ ಮೊದಲಿನದೇ ಗುರುತು ಸಂಖ್ಯೆ ಹೋಗುತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಟೆಸ್ಟ್‌ನಲ್ಲಿ ಬಳಸಿದ್ದ ನಕಲಿ ಗೇಟ್‌ವೇ ಯಾವಾಗಲೂ ಹಣ ಕಡಿತ ಮಾಡದೆಯೇ ವಿಫಲವಾಗುತ್ತಿದ್ದ ಕಾರಣ ಟೆಸ್ಟ್‌ಗಳೆಲ್ಲ ಹಸಿರಾಗಿದ್ದವು. ಗ್ರಾಹಕರ ಖಾತೆಯಿಂದ ಎರಡೆರಡು ಸಲ ಹಣ ಹೋದ ಮೇಲೆ ವಿಷಯ ಗೊತ್ತಾಯಿತು.

ಎಬಿಎಸ್ ಕಥೆಯೂ ಹೀಗೆಯೇ ಇದೆ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಯಾವುದಕ್ಕೆ ಎಷ್ಟು ವೇಗದಲ್ಲಿ ಬರಬೇಕು, ಮಳೆ ನಿಂತ ಮೇಲೆ ಎಲೆ ಕೊಳೆತು ಅಂಟಿಕೊಂಡಿರುವ ಒಳ ಅಂಚಿನಲ್ಲಿ ಟೈರ್‌ಗೆ ಎಷ್ಟು ಹಿಡಿತ ಉಳಿದಿದೆ ಎಂಬುದು ಅದಕ್ಕೆ ತಿಳಿಯದು. ಬೈಕ್ ವಾಲಿರುವಾಗ ಟೈರ್ ತನ್ನ ಹಿಡಿತದ ಬಹುಪಾಲನ್ನು ತಿರುಗುವುದಕ್ಕೇ ಖರ್ಚು ಮಾಡಿರುತ್ತದೆ, ಬ್ರೇಕಿಗೆ ಉಳಿಯುವುದು ಸ್ವಲ್ಪ. ಆದರೂ ಸಾಮಾನ್ಯ ಎಬಿಎಸ್ ನೆಟ್ಟಗೆ ಓಡುತ್ತಿರುವ ಬೈಕಿನ ಲೆಕ್ಕದಲ್ಲೇ ಕೆಲಸ ಮಾಡುತ್ತದೆ.

ಮೈಸೂರು ಜೋಡಿ ಸೈಲೆನ್ಸರ್

ನಿಮ್ಮ ಮಾತನ್ನು ಒಪ್ಪುತ್ತಲೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿ ನಮ್ಮ ಮನೆಯಲ್ಲಿ ಇಂದಿಗೂ ಓಡುತ್ತಿದೆ. ಕಾರ್ಖಾನೆ 1996ರಲ್ಲಿ ಮುಚ್ಚಿತು, ಬಂಡಿ ನಿಲ್ಲಲಿಲ್ಲ. ಸ್ಟಾರ್ಟ್ ಮಾಡುವ ಕಿಕ್ಕರ್ ಅನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್ ಆಗುವಂಥ ಸರಳ ವಿನ್ಯಾಸ ಅದು. ಕಾರ್ಬುರೇಟರ್ ಕಟ್ಟಿಕೊಂಡರೆ ರಸ್ತೆ ಬದಿಯಲ್ಲೇ ಬಿಚ್ಚಿ, ಜೆಟ್ ಅನ್ನು ಊದಿ, ಮತ್ತೆ ಜೋಡಿಸಿ ಹೊರಡಬಹುದು. 1 ಏಪ್ರಿಲ್ 2020ರಿಂದ ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಹೊಸ ಬಂಡಿಗಳಲ್ಲಿ ಬಹುತೇಕ ಫ್ಯುಯೆಲ್ ಇಂಜೆಕ್ಷನ್ನೇ ಇದೆ. ದೀಪ ಹೊತ್ತಿಕೊಂಡರೆ ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರ್‌ಗೆ ಹೋಗುವವರೆಗೆ ಏನಾಗಿದೆ ಎಂಬುದೇ ತಿಳಿಯುವುದಿಲ್ಲ. ಬಿಚ್ಚಿ ನೋಡಲಾಗದ್ದನ್ನು ನಂಬಲೇಬೇಕಾಗುತ್ತದೆ, ನಂಬಿಕೆ ಹೆಚ್ಚಾದಂತೆ ನೋಡುವ ಅಭ್ಯಾಸ ಹೋಗುತ್ತದೆ. ನಿಮ್ಮ ತಂಡದವರು ಟೆಸ್ಟ್ ಫ್ರೇಮ್‌ವರ್ಕ್‌ನ ಒಳಗೆ ಏನಿದೆ ಎಂದು ನೋಡದೆ ಹಸಿರು ಬಣ್ಣವನ್ನು ನಂಬುವುದಕ್ಕೂ ಇದೇ ಕಾರಣ ಎಂದು ನನ್ನ ಅನಿಸಿಕೆ.

ಇಸಾರ್ ತೀರದ ಕನ್ನಡಿಗ

ನಾನಿರುವ ಮ್ಯೂನಿಕ್ ನಗರಕ್ಕೂ ಈ ಚರ್ಚೆಗೂ ನೇರ ಸಂಬಂಧವಿದೆ. 1980ರ ದಶಕದಲ್ಲಿ ಇಲ್ಲಿನ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಹಾಕಿಸಿ, ಕೆಲವನ್ನು ಹಾಗೆಯೇ ಬಿಟ್ಟು, ಎರಡೂ ಗುಂಪುಗಳ ಅಪಘಾತಗಳನ್ನು ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಬಿಎಸ್ ಇದ್ದ ಚಾಲಕರು ತಿರುವುಗಳನ್ನು ಹೆಚ್ಚು ಬಿರುಸಾಗಿ ತೆಗೆದುಕೊಳ್ಳುತ್ತಿದ್ದರು, ಲೇನ್ ಶಿಸ್ತೂ ಕಡಿಮೆಯಾಗಿತ್ತು ಎಂದು ಪಕ್ಕದಲ್ಲಿ ಕುಳಿತು ಗಮನಿಸಿದವರು ದಾಖಲಿಸಿದರು. ಸಿಕ್ಕಿದ ಸುರಕ್ಷತೆಯನ್ನು ಅವರು ವೇಗಕ್ಕೆ ಖರ್ಚು ಮಾಡಿಬಿಟ್ಟರು ಎಂದು ಆ ಫಲಿತಾಂಶವನ್ನು ಅರ್ಥೈಸುವವರಿದ್ದಾರೆ.

ಆದರೆ ಇದನ್ನು ಬೈಕಿಗೆ ಹಾಗೆಯೇ ಅನ್ವಯಿಸಿದರೆ ತಪ್ಪಾಗುತ್ತದೆ ಎಂಬುದೇ ನನ್ನ ತಕರಾರು. ಕಾರಿನ ಚಕ್ರ ಲಾಕ್ ಆದರೆ ಕಾರು ಜಾರುತ್ತದೆ, ಬೈಕಿನ ಮುಂದಿನ ಚಕ್ರ ಲಾಕ್ ಆದರೆ ಸವಾರ ಬೀಳುತ್ತಾನೆ. ಆ ಭಯದಿಂದಲೇ ನಮ್ಮಲ್ಲಿ ಅನೇಕರು ಮುಂದಿನ ಬ್ರೇಕನ್ನು ಮುಟ್ಟುವುದೇ ಇಲ್ಲ, ಹಿಂದಿನದನ್ನೇ ತುಳಿದು ಜಾರುತ್ತಾರೆ. ಎಬಿಎಸ್ ಆ ಭಯವನ್ನು ತೆಗೆದು, ಬ್ರೇಕಿನ ಪೂರ್ತಿ ಶಕ್ತಿಯನ್ನು ಬಳಸುವ ಧೈರ್ಯ ಕೊಡುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಶೋಧನಾ ಸಂಸ್ಥೆ ಐಐಎಚ್‌ಎಸ್ 2021ರಲ್ಲಿ ಕೊಟ್ಟ ಲೆಕ್ಕದಂತೆ, ಎಬಿಎಸ್ ಇರುವ ಬೈಕುಗಳು ಮಾರಣಾಂತಿಕ ಅಪಘಾತಗಳಲ್ಲಿ ಸಿಲುಕುವ ಪ್ರಮಾಣ ಎಬಿಎಸ್ ಇಲ್ಲದ ಅದೇ ಮಾದರಿಗಳಿಗಿಂತ ಶೇ. 22ರಷ್ಟು ಕಡಿಮೆ. ಮ್ಯೂನಿಕ್‌ನಲ್ಲೇ ನೆಲೆಸಿರುವ ಬಿಎಂಡಬ್ಲ್ಯು 1988ರಲ್ಲಿ ಕೆ100ಕ್ಕೆ ಅದನ್ನು ಅಳವಡಿಸಿದ್ದು ಶೋಕಿಗಲ್ಲ.

ಕೋಡ್‌ನಲ್ಲೂ ಹಾಗೆಯೇ. ಒಳ್ಳೆಯ ಟೆಸ್ಟ್‌ಗಳಿಲ್ಲದ ಹಳೆಯ ಮಾಡ್ಯೂಲನ್ನು ಮುಟ್ಟಲು ಯಾರೂ ಧೈರ್ಯ ಮಾಡುವುದಿಲ್ಲ, ಅದು ಕೊಳೆಯುತ್ತಾ ಹೋಗುತ್ತದೆ. ಜೋಡಿ ಸೈಲೆನ್ಸರ್ ಅವರಿಗೆ ಒಂದು ಮಾತು: ನಿಮ್ಮ ಯೆಜ್ಡಿಯ ಡ್ರಮ್ ಬ್ರೇಕಿನಲ್ಲಿ ಮಳೆಗಾಲದ ಶಿರಾಡಿ ಘಾಟಿಯನ್ನು ಇಳಿಯಲು ನನಗಂತೂ ಎದೆಗಾರಿಕೆ ಇಲ್ಲ.

ದೋಷಶೋಧಕಿ

ನಾನು ಟೆಸ್ಟಿಂಗ್ ವಿಭಾಗದವಳು, ಆದ್ದರಿಂದ ಚರ್ಚೆ ಆರಂಭಿಸಿದವರ ಹಾರ್ಟ್‌ಬ್ಲೀಡ್ ಉದಾಹರಣೆಗೆ ಒಂದು ತಿದ್ದುಪಡಿ ಸೂಚಿಸಲೇಬೇಕಾಗಿದೆ. ಆ ದೋಷವನ್ನು ಬೇರೆ ಬೇರೆಯಾಗಿ ಎರಡು ಕಡೆಯವರು ಕಂಡುಹಿಡಿದರು. ಒಬ್ಬರು ಗೂಗಲ್‌ನ ನೀಲ್ ಮೆಹ್ತಾ. ಇನ್ನೊಂದು ಕಡೆಯವರು ಫಿನ್ಲೆಂಡ್‌ನ ಕೋಡೆನಾಮಿಕಾನ್ ಸಂಸ್ಥೆಯ ಎಂಜಿನಿಯರ್‌ಗಳು, ಅವರಿಗೆ ಅದು ಸಿಕ್ಕಿದ್ದು ತಮ್ಮ ಪರೀಕ್ಷಾ ತಂತ್ರಾಂಶವನ್ನು ಸುಧಾರಿಸುತ್ತಿದ್ದಾಗ. ಬೇಕಂತಲೇ ಕೆಟ್ಟ ಸಂದೇಶಗಳನ್ನು ಕಳುಹಿಸಿ ನೋಡುವ ಫಜ್ಜಿಂಗ್ ವಿಧಾನಕ್ಕೆ "ಈ ಉದ್ದ ಸುಳ್ಳಾಗಿದ್ದರೆ?" ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಆದ್ದರಿಂದ ಯಂತ್ರ ಕೇಳಲಾಗದ ಪ್ರಶ್ನೆ ಎಂದು ಅಷ್ಟು ಬೇಗ ಗೆರೆ ಎಳೆಯುವುದು ಸರಿಯಲ್ಲ. ಆ ಗೆರೆ ವರ್ಷದಿಂದ ವರ್ಷಕ್ಕೆ ಸರಿಯುತ್ತಲೇ ಇದೆ.

ಇನ್ನೊಂದು ವಿಷಯ. ರಿವ್ಯೂ ಮಾಡುವವರು ನೋಡುವುದು ಡಿಫ್ ಅನ್ನು, ಅಂದರೆ ಬದಲಾದ ಸಾಲುಗಳನ್ನು ಮಾತ್ರ. ಮಾರ್ಚ್ 2024ರಲ್ಲಿ ಬಯಲಾದ ಎಕ್ಸ್‌ಝೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ ಪ್ರಕರಣದಲ್ಲಿ ಕಳ್ಳಬಾಗಿಲನ್ನು ತೆರೆಯುವ ಬಿಲ್ಡ್ ಸ್ಕ್ರಿಪ್ಟ್ ಎಲ್ಲರೂ ಕೋಡ್ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆ ಮಾಡಿದ ಕಟ್ಟಿನಲ್ಲಷ್ಟೇ ಇತ್ತು. ಉಳಿದ ಭಾಗವು ಟೆಸ್ಟ್ ಕಡತಗಳ ವೇಷದಲ್ಲಿ ಅವಿತಿತ್ತು. ಎಷ್ಟೇ ಶ್ರದ್ಧೆಯಿಂದ ಡಿಫ್ ಓದಿದ್ದರೂ ಅದು ಕಾಣುತ್ತಿರಲಿಲ್ಲ. ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್, ಅದೂ ಬೇರೆ ಕಂಪ್ಯೂಟರಿಗೆ ದೂರದಿಂದ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂಬ ಕಿರಿಕಿರಿಯಿಂದ. ಅರ್ಧ ಸೆಕೆಂಡ್ ತಡವನ್ನು ಸಹಿಸದ ಆ ಸ್ವಭಾವವನ್ನು ಯಾವ ಚೆಕ್‌ಲಿಸ್ಟಿನಲ್ಲಿ ಸೇರಿಸುತ್ತೀರಿ?

ಸಿಲ್ಕ್‌ಬೋರ್ಡ್ ಸವಾರ

ದೋಷಶೋಧಕಿ ಅವರೇ, ತಿದ್ದುಪಡಿಯನ್ನು ಸ್ವೀಕರಿಸಿದ್ದೇನೆ. ಆದರೆ ನಿಮ್ಮ ಮಾತಿನಲ್ಲೇ ನನ್ನ ವಾದಕ್ಕೂ ಬಲವಿದೆ. ಉದ್ದದ ಅಂಕಿಯನ್ನು ಸುಳ್ಳು ಮಾಡಿ ನೋಡೋಣ ಎಂಬ ಬುದ್ಧಿ ಮೊದಲು ಒಬ್ಬ ಮನುಷ್ಯನಿಗೆ ಹೊಳೆದು, ನಂತರ ಅದನ್ನು ಯಂತ್ರಕ್ಕೆ ಒಪ್ಪಿಸಲಾಯಿತು. ಒಮ್ಮೆ ಒಪ್ಪಿಸಿದ ಮೇಲೆ ಆ ಪ್ರಶ್ನೆಯನ್ನು ನಾವು ಮತ್ತೆ ಮತ್ತೆ ಕೇಳುವ ಅಗತ್ಯವಿಲ್ಲ, ಮುಂದಿನದನ್ನು ಹುಡುಕಬೇಕು. ನನ್ನ ಆಕ್ಷೇಪ ಇರುವುದು ಒಪ್ಪಿಸಿದ್ದರ ಬಗ್ಗೆ ಅಲ್ಲ, ಒಪ್ಪಿಸಿ ಉಳಿಸಿದ ಗಮನವನ್ನು ಎಲ್ಲೂ ಬಳಸದೆ ಇರುವುದರ ಬಗ್ಗೆ.

ಇಸಾರ್ ತೀರದವರು ಹೇಳಿದ ಧೈರ್ಯದ ಮಾತು ನಿಜ, ಆದರೆ ಅದಕ್ಕೂ ಅಭ್ಯಾಸ ಬೇಕು. ಎಬಿಎಸ್ ಕೆಲಸ ಮಾಡುವಾಗ ಬ್ರೇಕ್ ಲಿವರ್ ಬೆರಳಿನ ಕೆಳಗೆ ಟಕಟಕ ಎಂದು ಒದೆಯುತ್ತದೆ. ಅದನ್ನು ಮೊದಲ ಬಾರಿಗೆ ನಿಜವಾದ ಅಪಾಯದಲ್ಲೇ ಅನುಭವಿಸುವವರು ಗಾಬರಿಯಾಗಿ ಬ್ರೇಕ್ ಸಡಿಲ ಬಿಡುವುದುಂಟು. ಖಾಲಿ ಜಾಗದಲ್ಲಿ, ನೆಟ್ಟಗಿನ ರಸ್ತೆಯಲ್ಲಿ, ಕಡಿಮೆ ವೇಗದಿಂದ ಆರಂಭಿಸಿ ಅಭ್ಯಾಸ ಮಾಡಬೇಕು. ಲಿವರನ್ನು ಒಮ್ಮೆಲೇ ಹಿಡಿಯದೆ ಮೊದಲು ಮೃದುವಾಗಿ ಒತ್ತಿ, ಭಾರ ಮುಂದಕ್ಕೆ ಬಂದು ಫೋರ್ಕ್ ಕುಗ್ಗಿ ಟೈರ್ ನೆಲಕ್ಕೆ ಒತ್ತಿಕೊಂಡ ಮೇಲೆ ಬಿಗಿಗೊಳಿಸಬೇಕು. ಮಾರಾಟದ ಹೊತ್ತಿನಲ್ಲಿ ಡ್ಯುಯಲ್ ಚಾನೆಲ್ ಎಂದು ಹೇಳಿಕೊಡುವ ಶೋರೂಂನವರು ಇದನ್ನು ಹೇಳಿಕೊಟ್ಟದ್ದನ್ನು ನಾನು ಕಂಡಿಲ್ಲ.

ಇಸಿಯು ಒಳಗಿನವ

ವಾಹನಗಳ ಒಳಗಿನ ತಂತ್ರಾಂಶ ಬರೆಯುವ ಬೆಂಗಳೂರಿನ ಹಲವು ಸಾವಿರ ಜನರಲ್ಲಿ ನಾನೂ ಒಬ್ಬ. ಇಲ್ಲಿಯವರೆಗೆ ಎಲ್ಲರೂ ಎಬಿಎಸ್ ಮತ್ತು ಕೋಡ್ ರಿವ್ಯೂ ಎರಡೂ ಬೇರೆ ಬೇರೆ ಎಂಬಂತೆ ಮಾತನಾಡುತ್ತಿದ್ದೀರಿ. ಎಬಿಎಸ್ ಎಂಬುದೇ ಕೋಡ್, ಮತ್ತು ಅದನ್ನೂ ಯಾರೋ ರಿವ್ಯೂ ಮಾಡಿರುತ್ತಾರೆ. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳ ಹೊಸ ಮಾದರಿಗಳಿಗೆ ಏಪ್ರಿಲ್ 2018ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಏಪ್ರಿಲ್ 2019ರಿಂದ ಅದು ಕಡ್ಡಾಯವಾಯಿತು. ಕಾರುಗಳ ತಂತ್ರಾಂಶ ಸುರಕ್ಷತೆಗೆ 2011ರಲ್ಲಿ ಬಂದ ಐಎಸ್‌ಒ 26262 ಮಾನದಂಡಕ್ಕೆ 2018ರ ಆವೃತ್ತಿಯಲ್ಲಿ ಬೈಕುಗಳಿಗೆಂದೇ ಹನ್ನೆರಡನೇ ಭಾಗವನ್ನು ಸೇರಿಸಲಾಯಿತು.

ನಮ್ಮಲ್ಲಿ ಕೋಡ್ ಹೇಗಿರಬೇಕು ಎಂಬ ಮಿಸ್ರಾ ನಿಯಮಗಳನ್ನು ಯಂತ್ರವೇ ಪರಿಶೀಲಿಸುತ್ತದೆ, ಅದು ವಿಫಲವಾದರೆ ಪುಲ್ ರಿಕ್ವೆಸ್ಟ್ ಮನುಷ್ಯರ ಮುಂದೆ ಬರುವುದೇ ಇಲ್ಲ. ಮನುಷ್ಯರು ಕುಳಿತು ಮಾತನಾಡುವುದು ಬೇರೆಯದರ ಬಗ್ಗೆ. ಹಿಂದಿನ ಚಕ್ರದ ಸೆನ್ಸರ್ ತಂತಿ ತುಂಡಾದರೆ ವೇಗ ಸೊನ್ನೆ ಎಂದು ಓದುತ್ತದೆ, ಹಾಗಿದ್ದಾಗ ಚಕ್ರ ಲಾಕ್ ಆಗಿದೆ ಎಂದು ತಿಳಿದು ಬ್ರೇಕ್ ಒತ್ತಡವನ್ನು ಬಿಡಬೇಕೇ, ಅಥವಾ ಸೆನ್ಸರ್ ಕೆಟ್ಟಿದೆ ಎಂದು ದೀಪ ಹೊತ್ತಿಸಿ ಸಾಮಾನ್ಯ ಬ್ರೇಕ್‌ಗೆ ಮರಳಬೇಕೇ? ಸವಾರ ಮುಂದಿನ ಚಕ್ರವನ್ನು ನೆಲದಿಂದ ಎತ್ತಿದಾಗ ಎರಡು ಚಕ್ರಗಳ ವೇಗ ಬೇರೆಯಾಗುತ್ತದೆ, ಅದನ್ನು ಜಾರುವಿಕೆ ಎಂದು ಎಣಿಸಬಾರದು. ಇಂಥ ಚರ್ಚೆಯಲ್ಲಿ ಬೈಕ್ ಓಡಿಸುವ ಎಂಜಿನಿಯರ್ ಒಬ್ಬರಿದ್ದರೆ ಬಹಳ ವ್ಯತ್ಯಾಸವಾಗುತ್ತದೆ. ಕೋಡ್ ಏನು ಮಾಡುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಕಲ್ಲು ಚೆಲ್ಲಿದ ಇಳಿಜಾರಿನಲ್ಲಿ ಅದು ಹಾಗೆ ಮಾಡಿದರೆ ಏನಾಗುತ್ತದೆ ಎಂದು ಕೇಳುವವರು ಅವರೇ.

ಹಾಗೆಯೇ ಮೊದಲ ಬರಹದಲ್ಲಿ ಹೇಳಿದ ವಾಲಿದ ಬೈಕಿನ ಸಮಸ್ಯೆಗೂ ಪರಿಹಾರ ಬಂದಿದೆ. ವಾಲಿದ ಕೋನವನ್ನು ಅಳೆದು ಅದಕ್ಕೆ ತಕ್ಕಂತೆ ಬ್ರೇಕ್ ಒತ್ತಡ ಹೊಂದಿಸುವ ಬಾಷ್‌ನ ವ್ಯವಸ್ಥೆ 2013ರಲ್ಲಿ ಕೆಟಿಎಂ 1190 ಅಡ್ವೆಂಚರ್‌ನೊಂದಿಗೆ ಹೊರಬಂತು. ದೋಷಶೋಧಕಿ ಅವರು ಹೇಳಿದ ಗೆರೆ ಇಲ್ಲಿಯೂ ಸರಿದಿದೆ. ಆದರೆ ಇರುವ ಹಿಡಿತಕ್ಕಿಂತ ಹೆಚ್ಚಿನದನ್ನು ಅದೂ ತಂದುಕೊಡಲಾರದು.

ಕೊಟ್ಟಿಗೆಹಾರ

ಹಿರಿಯರೆಲ್ಲ ಬರೆದಿರುವುದನ್ನು ಆಸಕ್ತಿಯಿಂದ ಓದಿದೆ. ನಾನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿಲ್ಲ, ಊರು ಚಾರ್ಮಾಡಿ ಘಾಟಿಯ ಮೇಲ್ತುದಿಯಲ್ಲಿ. ನನ್ನ ತೊಂದರೆ ಬೇರೆ ಬಗೆಯದು. ತಂಡದ ಹಿರಿಯರೊಬ್ಬರು ಎಐ ಸಹಾಯದಿಂದ ಬರೆಸಿದ ಸಾವಿರಕ್ಕೂ ಹೆಚ್ಚು ಸಾಲುಗಳ ಪುಲ್ ರಿಕ್ವೆಸ್ಟನ್ನು ಸಂಜೆ ನನಗೆ ಕೊಟ್ಟು, ಮರುದಿನ ಬಿಡುಗಡೆ ಇದೆ ಎನ್ನುತ್ತಾರೆ. ಅಷ್ಟನ್ನು ಓದಲು ಸಾಧ್ಯವಿಲ್ಲ ಎಂದರೆ "ಬಾಟ್ ಓದಿದೆಯಲ್ಲ" ಎಂಬ ಉತ್ತರ ಬರುತ್ತದೆ. ಕೆಲವು ಕಡೆ ರಿವ್ಯೂನಲ್ಲಿ ಎಷ್ಟು ಕಾಮೆಂಟ್ ಬಂತು ಎಂಬುದನ್ನು ಅಪ್ರೈಸಲ್‌ಗೂ ಸೇರಿಸುತ್ತಾರೆ, ಹಾಗಾಗಿ ಪ್ರಶ್ನೆ ಕೇಳಿದರೆ ಅವರಿಗೆ ಕೇಡು ಮಾಡಿದಂತೆ ಆಗುತ್ತದೆ. ಇಂಥ ಪರಿಸ್ಥಿತಿಯಲ್ಲಿ ಕಿರಿಯರು ಏನು ಮಾಡಬೇಕು?

ದೋಷಶೋಧಕಿ

ಅಪ್ರೈಸಲ್ ವಿಷಯಕ್ಕೆ ಮೊದಲು ಉತ್ತರಿಸುತ್ತೇನೆ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ಪರಿಶೀಲನೆಗೆ ಒಂದು ಶಿಸ್ತುಬದ್ಧ ಕ್ರಮವನ್ನು ರೂಪಿಸಿ ಪ್ರಕಟಿಸಿದಾಗಲೇ, ಅದರಲ್ಲಿ ಸಿಕ್ಕ ದೋಷಗಳನ್ನು ಬರೆದವರ ಮೌಲ್ಯಮಾಪನಕ್ಕೆ ಬಳಸಕೂಡದು ಎಂದು ಎಚ್ಚರಿಸಿದ್ದರು. ಬಳಸಿದರೆ ಜನ ದೋಷವನ್ನು ಹುಡುಕುವುದನ್ನೇ ನಿಲ್ಲಿಸುತ್ತಾರೆ. ಅರ್ಧ ಶತಮಾನದ ಹಿಂದಿನ ಈ ಮಾತನ್ನು ನಿಮ್ಮ ಮ್ಯಾನೇಜರ್‌ಗೆ ಧೈರ್ಯವಾಗಿ ತೋರಿಸಬಹುದು.

ಸಾವಿರ ಸಾಲಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಾನೂರು ಸಾಲು ದಾಟಿದರೆ ಒಡೆದು ಕೊಡಿ ಎಂದು ಹಿಂದಿರುಗಿಸುತ್ತೇನೆ, ಯಾರೇ ಬರೆದಿರಲಿ. ದೊಡ್ಡದಕ್ಕೆ ಒಂದೇ ಮಾತಿನ ಒಪ್ಪಿಗೆಯೂ ಹತ್ತು ಸಾಲಿನದಕ್ಕೆ ಇಪ್ಪತ್ತು ಕಾಮೆಂಟೂ ಬೀಳುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಸಿಲ್ಕ್‌ಬೋರ್ಡ್ ಸವಾರ

ಹಿಂದಿರುಗಿಸುವ ಅಧಿಕಾರ ಹಿರಿಯರಿಗೆ ಇರುತ್ತದೆ, ಕೊಟ್ಟಿಗೆಹಾರ ಅವರಿಗೆ ಅದು ಕಷ್ಟ. ಅವರಿಗೆ ನನ್ನ ಸಲಹೆ ಇಷ್ಟೇ: ಓದಲು ಆಗುವುದಿಲ್ಲ ಎನ್ನಬೇಡಿ, "ಸರ್, ಹತ್ತು ನಿಮಿಷ ಕೂತು ಇದನ್ನು ನನಗೆ ವಿವರಿಸುತ್ತೀರಾ, ನಾನು ಕಲಿಯಬೇಕು" ಎಂದು ಕೇಳಿ. ಎಐ ಬರೆದ ಕೋಡ್ ಆಗಿದ್ದರೆ ಎಲ್ಲಿ ವಿವರಣೆ ತಡವರಿಸುತ್ತದೆಯೋ ಅಲ್ಲಿ ಅವರೂ ಓದಿಲ್ಲ ಎಂದು ಇಬ್ಬರಿಗೂ ತಿಳಿಯುತ್ತದೆ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಆ ತಡವರಿಸಿದ ಜಾಗವನ್ನಷ್ಟೇ ನೀವು ಕೂತು ಓದಿ. ಓದದ ಕಡತಗಳ ಹೆಸರನ್ನು "ಇವುಗಳನ್ನು ನಾನು ನೋಡಿಲ್ಲ" ಎಂದು ಅಪ್ರೂವಲ್‌ನ ಕೆಳಗೆ ಬರೆದಿಡಿ.

ಮೈಸೂರು ಜೋಡಿ ಸೈಲೆನ್ಸರ್

ಆ ಕೊನೆಯ ಸಾಲನ್ನು ನಮ್ಮ ತಂಡದಲ್ಲೂ ಜಾರಿಗೆ ತರಲು ಪ್ರಯತ್ನಿಸುತ್ತೇನೆ, ಒಪ್ಪಿಗೆಗಿಂತ ಅದರಿಂದಲೇ ಹೆಚ್ಚು ಉಪಯೋಗವಾದೀತು. ಇಸಾರ್ ತೀರದವರ ಗಮನಕ್ಕೆ: ಶಿರಾಡಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯುತ್ತೇನೆ, ಲಾರಿಗಳಿಗೆ ದಾರಿ ಬಿಡುತ್ತೇನೆ, ಡ್ರಮ್ಮಿಗೆ ನೀರು ಹೊಕ್ಕಿದೆ ಎನಿಸಿದರೆ ಬ್ರೇಕನ್ನು ಲಘುವಾಗಿ ಹಿಡಿದುಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸಿಕೊಳ್ಳುತ್ತೇನೆ. ಸಕಲೇಶಪುರದಲ್ಲಿ ಕಾಫಿ ನನ್ನ ಲೆಕ್ಕದಲ್ಲಿ, ಊರಿಗೆ ಬಂದಾಗ ತಿಳಿಸಿ.